ಬಸ್ಸಿಲ್ಲದ ಟ್ರಿಪ್‌ಶೀಟು

ಹತ್ತೊಂಬತ್ತು ವರ್ಷ
ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಸೀಟಿ ಹಿಡಿದು ನಿಂತು
ಬಸ್ಸಿಗೂ ಬಸ್ಸಿಗೂ ನಡುವೆ
ಮೂರು ನಿಮಿಷ ಇಟ್ಟವನು ನಾನು.
ಮೂರು ಅಂದರೆ ಮೂರು.
ನಾಲ್ಕಾದರೆ ಹಿಂದಿನವನ ಅನ್ನಕ್ಕೆ ಕಲ್ಲು,
ಎರಡಾದರೆ ಮುಂದಿನವನಿಂದ ನನಗೆ ಮಂಗಳಾರತಿ.
ತಡವಾದ ನಿಮಿಷಕ್ಕೆ ಐವತ್ತು ರೂಪಾಯಿ ದಂಡ,
ರಸೀದಿ ಹರಿದು ಕೊಡುತ್ತಿದ್ದೆ,
ಕಾಲವೆಂಬುದು ನನ್ನ ಕಿಸೆಯಲ್ಲಿರುವ ಪುಸ್ತಕ ಎಂಬ ಹಾಗೆ.

ಈಗ ಬಸ್ಸಿನ ಹಣೆಯಲ್ಲೊಂದು ಡಬ್ಬಿ.
ಅದೇ ನೋಡಿಕೊಳ್ಳುತ್ತದಂತೆ, ಆಕಾಶದಿಂದ.
"ನೀವಿನ್ನು ಆರಾಮ ಮಾಡಿ" ಅಂದರು
ಯೂನಿಯನ್ನಿನ ಲೋಕಯ್ಯಣ್ಣ.
ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ.
ಗಡಿಯಾರ, ನೋಡಿ!

ಬಪ್ಪಾಲಿನ ಮನೆಯಲ್ಲಿ ಮೊದಲ ಸೋಮವಾರ
ಐದು ನಲವತ್ತಕ್ಕೆ ಎದ್ದು ಕೂತೆ.
ಹೊರಡಿಸಲು ಏನೂ ಇರಲಿಲ್ಲ.
ಹಲ್ಲುಜ್ಜಿದೆ. ಐದು ನಲವತ್ತನಾಲ್ಕು.
ದಿನ ಇಷ್ಟು ಅಗಲ ಇರುತ್ತದೆಂದು
ಯಾರೂ ಹೇಳಿರಲಿಲ್ಲ ನನಗೆ.

ಹಳೆಯ ಪುಸ್ತಕದಲ್ಲೇ ಗೆರೆ ಎಳೆದೆ:
ಆರು ಹತ್ತಕ್ಕೆ ಬಾವಿಕಟ್ಟೆಯ ಪಾಚಿ,
ಏಳು ಐದಕ್ಕೆ ಪೇಪರು, ಕೊನೆಯ ಪುಟದಿಂದ,
ಎಂಟೂವರೆಗೆ ಅಟ್ಟದ ಡಬ್ಬದ ಸ್ಕ್ರೂ, ಮೊಳೆ, ಬೇರೆ ಬೇರೆ,
ಹತ್ತಕ್ಕೆ ಮಲಯಾಳಂ ಅಕ್ಷರ.
ಪುಸ್ತಕ ಕೊಟ್ಟದ್ದು ಪಕ್ಕದ ಮನೆಯ ಕುಂಞಿರಾಮನ್ ಮೇಸ್ತ್ರಿ,
ಕಾಫಿಯ ಕಲೆಯ ಸಮೇತ.

ಬುಧವಾರಕ್ಕೆ ಸ್ಕ್ರೂ ಮುಗಿದವು.
ಮಲಯಾಳಂ ಏಳನೆಯ ಅಕ್ಷರದ ತಿರುವಿನಲ್ಲಿ ಕೆಟ್ಟು ನಿಂತಿತು.
ಪಾಚಿ ಇರಲಿ ಬಿಡಿ, ಅದಕ್ಕೆ ಟೈಮಿಂಗ್ ಇಲ್ಲ.
ಊಟದ ಮೇಲೆ, ಎರಡು ಹದಿನೈದರಿಂದ ನಾಲ್ಕರವರೆಗೆ,
ಏನು ಬರೆದರೂ ಸುಳ್ಳಾಗುತ್ತಿತ್ತು;
ಬರೆಯದೆ ಬಿಟ್ಟರೆ
ಆ ಬಿಳಿ ಜಾಗ ನನ್ನನ್ನೇ ನೋಡುತ್ತಿತ್ತು.

ಜಲಜಾಕ್ಷಿ ಜಗಲಿಯಲ್ಲಿ ಕಾಲು ಚಾಚಿ,
ಮಡಿಲಲ್ಲಿ ತಡ್ಪೆ, ಕತ್ತರಿ, ಹೊಗೆಸೊಪ್ಪು, ಎಲೆ.
ಇಪ್ಪತ್ತೆರಡು ವರ್ಷದಿಂದ ಅಲ್ಲೇ.
ರಾತ್ರಿ ಮನೆಗೆ ಬರುವಾಗ ಕಾಣುತ್ತಿದ್ದಳು,
ಹೊಸ್ತಿಲು ಕಾಣುವ ಹಾಗೆ.
ನನ್ನ ಟ್ರಿಪ್‌ಶೀಟು ಓದಿ, ಬೆರಳು ನಿಲ್ಲಿಸದೆ ಕೇಳಿದಳು:
"ಇದರಲ್ಲಿ ಗಂಜಿ ಬಸಿಯುವುದು ಎಷ್ಟನೇ ನಂಬರಿನ ಬಸ್ಸು?"

ನಗಲಿಲ್ಲ ಅವಳು. ನಾನೂ.

ಮರುದಿನ ಎರಡು ಹದಿನೈದಕ್ಕೆ ಪಕ್ಕದಲ್ಲಿ ಕೂತೆ.
ನೂಲು ಸುತ್ತುವುದಕ್ಕೆ ಎಂತ ಕಷ್ಟ, ಅಂದುಕೊಂಡಿದ್ದೆ.
ಸಂಜೆ ಬ್ರಾಂಚಿನ ಐತಪ್ಪಣ್ಣ
ನನ್ನ ನಲವತ್ತರಲ್ಲಿ ಮೂವತ್ತೊಂದನ್ನು
ಮುಖ ಎತ್ತದೆ ಪಕ್ಕಕ್ಕೆ ದೂಡಿದರು.
ದಂಡ. ನನ್ನ ಹೆಸರಿಗೆ ಮೊದಲನೆಯದು.
"ಸಾವಿರವನ್ನು ನೋಡಬೇಡಿ" ಅಂದಳು ಇವಳು ದಾರಿಯಲ್ಲಿ,
"ಇಪ್ಪತ್ತೈದರ ಒಂದು ಕಟ್ಟು, ಅಷ್ಟೇ. ಆಮೇಲೆ ಇನ್ನೊಂದು."
ಅದು ಬುದ್ಧಿಮಾತೋ, ಸುಸ್ತೋ,
ಕೇಳುವ ಧೈರ್ಯ ಆಗಲಿಲ್ಲ.

ಅವಳು ಮೀನಿಗೆಂದು ಆಚೆ ತಿರುಗಿದಳು.
ಮಹಾಕಾಳಿಪಡ್ಪಿನಲ್ಲಿ ರೈಲ್ವೆ ಗೇಟು ಬಿತ್ತು.
ಸ್ಕೂಟರುಗಳ ಹಾರನ್ನು, ರಿಕ್ಷಾದವನ ಶಾಪ,
ಬೂತಾಯಿ ಟೆಂಪೋದಿಂದ ರಸ್ತೆಗೆ ತೊಟ್ಟಿಕ್ಕುವ ಐಸಿನ ನೀರು.
ಎಲ್ಲರೂ ಕೈಗಡಿಯಾರ ನೋಡುವವರೇ.
ನನ್ನ ಬಲಗೈ ಖಾಲಿ ಕಿಸೆಯಲ್ಲಿ ಸೀಟಿ ಹುಡುಕಿತು.
ಗೂಡ್ಸು ಬಂತು, ನಿಧಾನಕ್ಕೆ,
ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಹಾಗೆ.
ಡಬ್ಬಿ ಎಣಿಸಲು ಹೊರಟವನು
ಹದಿನಾರರ ಹತ್ತಿರ ಎಲ್ಲೋ ಮರೆತೆ.
ಒಂದರ ಬಾಗಿಲಿನ ಸಂದಿಯಲ್ಲಿ
ಹುಲ್ಲು ಬೆಳೆದಿತ್ತು, ಹಸಿರು, ಗೇಣುದ್ದ,
ಅದು ಯಾವ ಊರಿನ ಮಳೆ ಕುಡಿದದ್ದೋ.

ಗೇಟು ಎದ್ದಾಗ ಮೊದಲು ನುಗ್ಗಿದ್ದು ನಮ್ಮ ಲೈನಿನ ಬಸ್ಸೇ.
ಫುಟ್‌ಬೋರ್ಡಿನಿಂದ ಸಿರಿಲ್ ತಲೆ ಹೊರಗೆ ಹಾಕಿ,
ಹಳೇ ಅಭ್ಯಾಸ,
"ಎಷ್ಟು ಲೇಟು, ಅಣ್ಣಾ?"

ವಾಚು ಕಟ್ಟಿಯೇ ಇತ್ತು ಕೈಯಲ್ಲಿ.
"ಗೊತ್ತಿಲ್ಲ ಮಾರಾಯ, ನೀನು ಹೋಗು" ಅಂದೆ.

ಆಮೇಲೆ, ಹಿಂದಿನ ಬಸ್ಸಿನವನ ನೆನಪಾಗಿ
ಸ್ವಲ್ಪ ಪಾಪ ಅನಿಸಿತು.